ಮಾತ್ರೆಗಳ ಚೀಲ ಬಿಚ್ಚಿದ ಮೇಲೆ: ಕೊಡಗಿನ ಬೆಳೆಗಾರರೊಬ್ಬರ ಪ್ರಕರಣ

ದಕ್ಷಿಣ ಕೊಡಗಿನ 62 ವರ್ಷದ ಸಣ್ಣ ಬೆಳೆಗಾರರೊಬ್ಬರ ಪ್ರಕರಣ ಇದು. ಐದಾರು ಎಕರೆ ರೊಬಸ್ಟಾ ಕಾಫಿ, ನೆರಳು ಮರಗಳಿಗೆ ಹಬ್ಬಿಸಿದ ಕರಿಮೆಣಸು, ಊಟಕ್ಕೆ ಸಾಕಾಗುವಷ್ಟು ಗದ್ದೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಎಂಟು ವರ್ಷಗಳಿಂದ ರಕ್ತದೊತ್ತಡ, ಎರಡು ವರ್ಷಗಳಿಂದ ಮಂಡಿ ನೋವು. ಹೆಸರು ಬಿಟ್ಟು ಬರೆಯಲು ಅವರೂ ಅವರ ಪತ್ನಿಯೂ ಒಪ್ಪಿದ್ದಾರೆ. ನಾನು ಆಸ್ಪತ್ರೆಯೊಂದರ ವೈದ್ಯಕೀಯ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ನೆರೆಮನೆಯವಳೆಂದು ಅವರ ಜೊತೆ ಹೋದೆ. ವೈದ್ಯರ ಕೊಠಡಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಫಿಸಿಷಿಯನ್, ಅಂದರೆ ಇಡೀ ದೇಹದ ಕಾಯಿಲೆಗಳನ್ನು ಒಟ್ಟಾಗಿ ನೋಡುವ ವೈದ್ಯರ ಬಳಿ ಹೋದರೆ ಏನಾಗುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಸ್ಪಷ್ಟವಾಗಿ ಗೊತ್ತಿಲ್ಲ. ಗೊತ್ತಿದ್ದರೆ ಇವರು ಒಂದು ವರ್ಷ ಅಲೆಯಬೇಕಾಗಿರಲಿಲ್ಲ.

ತೊಂದರೆಗಳು ಒಂದೊಂದಾಗಿ ಬಂದಿದ್ದವು. ಮೊದಲು ಆಯಾಸ. ತೋಟದ ಏರು ಹತ್ತುವಾಗ ಮೊದಲು ಇಲ್ಲದ ಏದುಸಿರು. ಆಮೇಲೆ ಪಾದಗಳಲ್ಲಿ ಉರಿ ಮತ್ತು ಜೋಮು. ಚಪ್ಪಲಿ ಕಳಚಿ ಬಿದ್ದರೂ ಹಿಂತಿರುಗಿ ನೋಡುವವರೆಗೆ ತಿಳಿಯುತ್ತಿರಲಿಲ್ಲ. ಒಂದು ವರ್ಷದಲ್ಲಿ ಆರು ಕಿಲೋ ತೂಕ ಇಳಿದಿತ್ತು. ಕೆಲವು ಬೆಳಗಿನ ಜಾವ ಮೈಯೆಲ್ಲ ಬೆವರಿ ಎಚ್ಚರವಾಗುತ್ತಿತ್ತು. ಕೊನೆಗೆ, ಕಾಫಿ ಕೊಯ್ಲು ಮುಗಿದು ಮೆಣಸು ಕೊಯ್ಯುವ ಹೊತ್ತಿಗೆ, ಸಂಜೆ ಮಬ್ಬಿನಲ್ಲಿ ಏಣಿಯ ಕೆಳಗಿನ ಮೆಟ್ಟಿಲಿನಿಂದಲೇ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಮನೆಯವರು ಹೆದರಿದ್ದು ಆಗಲೇ.

ಅಲ್ಲಿಯವರೆಗೆ ಒಂದೊಂದು ತೊಂದರೆಗೆ ಒಬ್ಬೊಬ್ಬ ವೈದ್ಯರನ್ನು ಕಂಡಿದ್ದರು. ಮಂಡಿಗೆ ಮೂಳೆ ವೈದ್ಯರು. ಏದುಸಿರು, ಬೆವರಿಗೆ ಮೈಸೂರಿನ ಹೃದಯ ತಜ್ಞರು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಸರಿ ಇದ್ದವು. ಪಾದದ ಉರಿಗೆ ಔಷಧಿ ಅಂಗಡಿಯ ಸಲಹೆ. ಮುಂದಿನದು ನರರೋಗ ತಜ್ಞರು, ಬೆನ್ನಿನ ಎಂಆರ್‌ಐ ಎಂದು ಸಂಬಂಧಿಕರೊಬ್ಬರು ಹೇಳಿದ್ದರು. ಇಲ್ಲಿಂದ ಮೈಸೂರಿಗೆ ಸುಮಾರು ನೂರು ಕಿಲೋಮೀಟರ್, ಜಿಲ್ಲೆಗೆ ರೈಲಿಲ್ಲ. ಒಂದು ತಪಾಸಣೆ ಎಂದರೆ ಒಂದು ದಿನದ ಕೆಲಸ ಹೋಯಿತು, ಕಾರು ಬಾಡಿಗೆ ಬೇರೆ. ಎಂಆರ್‌ಐಗೆ ಹೋಗುವ ಮೊದಲು ಒಬ್ಬ ಫಿಸಿಷಿಯನ್‌ಗೆ ತೋರಿಸೋಣ ಎಂದು ನಾನು ಹಟ ಹಿಡಿದೆ.

"ಅವರೂ ಎಂಬಿಬಿಎಸ್ ಡಾಕ್ಟರ ಹಾಗೆಯೇ ಅಲ್ಲವೇ ಅಕ್ಕಾ? ನಾಡಿ ನೋಡಿ ಬೇರೆ ಕಡೆಗೆ ಚೀಟಿ ಬರೆಯುತ್ತಾರೆ ಅಷ್ಟೇ" ಎಂದರು ಬೆಳೆಗಾರರ ಪತ್ನಿ. ಈ ಅಭಿಪ್ರಾಯ ಬಹಳ ಕಡೆ ಇದೆ. ಎಂಬಿಬಿಎಸ್ ಮುಗಿಸಿ ಮೂರು ವರ್ಷ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು ಫಿಸಿಷಿಯನ್‌ಗಳು. ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ರಕ್ತ, ನರ, ಹಾರ್ಮೋನು ಇವೆಲ್ಲ ಒಂದೇ ದೇಹದಲ್ಲಿ ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆ ಎಂದು ನೋಡುವುದು ಇವರ ವಿದ್ಯೆ. ಎರಡು ಮೂರು ದೀರ್ಘ ಕಾಯಿಲೆಗಳು ಒಟ್ಟಿಗೆ ಇರುವವರಿಗೆ, ಕಾರಣ ಹೊಳೆಯದ ಜ್ವರ, ಆಯಾಸ, ತೂಕ ಇಳಿತ ಇರುವವರಿಗೆ ಮೊದಲ ಬಾಗಿಲು ಇದೇ ಆಗಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಇದಕ್ಕಾಗಿ ಜಿಲ್ಲೆ ದಾಟಬೇಕಾಗಿಯೂ ಇಲ್ಲ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಈ ವಿಭಾಗವಿದೆ. ಪಟ್ಟಣಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ಫಿಸಿಷಿಯನ್‌ಗಳಿದ್ದಾರೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಬೀಳುವುದು, ರಕ್ತ ವಾಂತಿ, ಇಂಥವಕ್ಕೆ ಮಾತ್ರ ಹೊರರೋಗಿ ಸಾಲಲ್ಲಿ ಕಾಯಬಾರದು. ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು.

ಹೊರಡುವ ಮುನ್ನ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಪಟ್ಟಿಯ (ಸ್ಟ್ರಿಪ್) ಸಮೇತ ಒಂದು ಚೀಲಕ್ಕೆ ಹಾಕಿಸಿದೆ. ನಿಲ್ಲಿಸಿದ್ದು, ಆಗಾಗ ನುಂಗುವುದು, ಆಯುರ್ವೇದದ್ದು, ಯಾರೋ ಕೊಟ್ಟದ್ದು, ಯಾವುದನ್ನೂ ಬಿಡಬಾರದೆಂದೆ. ಹಳೆಯ ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆವು. ಯಾವ ತೊಂದರೆ ಯಾವಾಗ ಶುರುವಾಯಿತು ಎಂಬುದನ್ನು ಅವರ ಪತ್ನಿ ಹಬ್ಬಗಳ ಲೆಕ್ಕದಲ್ಲಿ ಹೇಳಿದರು: ಆಯಾಸ ಕೈಲ್‌ಪೋಳ್ದಿಗೂ (ಸೆಪ್ಟೆಂಬರಿನ ಆಯುಧ ಹಬ್ಬ) ಮೊದಲು, ಕಾಲುರಿ ಪುತ್ತರಿಯ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಸುಮಾರಿಗೆ. ವೈದ್ಯರಿಗೆ ಇಂಥ ಲೆಕ್ಕವೂ ಧಾರಾಳ ಸಾಕು. ಯಾವುದು ಮೊದಲು, ಯಾವುದು ನಂತರ ಎಂಬುದೇ ಅವರಿಗೆ ಬೇಕಾದದ್ದು.

ಪತ್ನಿ ಜೊತೆಗೆ ಬರಲೇಬೇಕೆಂದೂ ಹೇಳಿದ್ದೆ. ರಾತ್ರಿ ಬೆವರುವುದನ್ನು, ತಟ್ಟೆಯಲ್ಲಿ ಅನ್ನ ಉಳಿಯುವುದನ್ನು ಕಂಡವರು ಅವರೇ. ಇನ್ನೊಂದು ಎಚ್ಚರಿಕೆ: ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಇರಬಹುದೆಂದು ತಾವಾಗಿಯೇ ಉಪವಾಸ ಹೊರಡಬಾರದು. ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಬಸ್ಸು, ಆಮೇಲೆ ಸಾಲು. ನಿಂತಲ್ಲೇ ಕುಸಿದವರನ್ನು ನಾನು ನೋಡಿದ್ದೇನೆ. ಉಪವಾಸ ಬೇಕಾದರೆ ವೈದ್ಯರೇ ಇನ್ನೊಂದು ದಿನ ಹೇಳುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ.

ಮೊದಲ ಅರ್ಧ ಗಂಟೆ

ವೈದ್ಯೆ ಮೊದಲು ಕೇಳಿದ್ದು, "ನಿಮಗೆ ಈಗ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತಿರುವುದು ಯಾವುದು?" ಬೆಳೆಗಾರರು ರಿಪೋರ್ಟಿನ ಕಟ್ಟನ್ನು ಮುಂದೆ ತಳ್ಳಿದರು. ಆಕೆ ಅದನ್ನು ಮೇಜಿನ ಬದಿಗೆ ಇಟ್ಟರು. "ನೋಡುತ್ತೇನೆ. ಮೊದಲು ನೀವು ಹೇಳಿ." ಕೆಲವರಿಗೆ ಇದು ವಿಚಿತ್ರ ಎನಿಸುತ್ತದೆ, ಇಷ್ಟು ಹಣ ಕೊಟ್ಟು ಮಾಡಿಸಿದ ಪರೀಕ್ಷೆಗಳನ್ನು ನೋಡುವುದೇ ಇಲ್ಲವಲ್ಲ ಎಂದು ಬೇಸರಪಡುತ್ತಾರೆ. ಆದರೆ ಹಳೆಯ ರಿಪೋರ್ಟು ಹಿಂದಿನವರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ. ಈಕೆ ಹೊಸದಾಗಿ ಪ್ರಶ್ನೆ ಕೇಳಬೇಕಿತ್ತು.

"ಕತ್ತಲಲ್ಲಿ ನಡೆಯುವುದು ಹೆಚ್ಚು ಕಷ್ಟವೇ?" ಹೌದು. "ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ತೂರಾಡಿದಂತೆ ಆಗುತ್ತದೆಯೇ?" ಬೆಳೆಗಾರರು ಪತ್ನಿಯ ಮುಖ ನೋಡಿದರು. ಗೋಡೆ ಹಿಡಿದುಕೊಂಡು ಮುಖ ತೊಳೆಯುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. "ಊಟ ಕಡಿಮೆಯಾಗಿದ್ದು ಹಸಿವಿಲ್ಲದೆಯೋ, ತಿನ್ನಲಾಗದೆಯೋ?" ತಿನ್ನಲಾಗದೆ. ನಾಲಗೆ ಉರಿಯುತ್ತಿತ್ತು. ಕಾಚಂಪುಳಿ (ಕೊಡಗಿನ ಹುಳಿ ಸಾರ) ಹಾಕಿದ ಪಂದಿಕರಿಯನ್ನು (ಹಂದಿಮಾಂಸದ ಅಡುಗೆ) ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಾಂಸದ ಆಸೆ ಹೋಗಿದೆ ಎಂದು ಮನೆಯವರು ತಿಳಿದಿದ್ದರು.

ತೋಟದ ಕೆಲಸದ ಬಗ್ಗೆಯೂ ಕೇಳಿದರು: ಔಷಧಿ ಸಿಂಪಡಿಸುವವರು ನೀವೇ? ಕೈಗವಸು ಹಾಕುತ್ತೀರಾ? ಮಳೆಗಾಲದಲ್ಲಿ ಕೆಸರು ಗದ್ದೆಗೆ ಇಳಿದ ಮೇಲೆ ಜ್ವರ ಬಂದಿತ್ತೇ? ಗದ್ದೆ ತೋಟಗಳಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿದ ಪ್ರಶ್ನೆ ಅದು. ನಮ್ಮ ಕೆಲಸ, ನೀರು, ಊಟ, ಹಾಸಿಗೆ ಎಲ್ಲವೂ ಫಿಸಿಷಿಯನ್‌ಗೆ ರೋಗದ ಮಾಹಿತಿಯೇ.

ಮದ್ಯದ ಪ್ರಶ್ನೆ ಬಂತು. "ಸ್ವಲ್ಪ, ಡಾಕ್ಟರೇ." ಆಕೆ ಮುಖಭಾವ ಬದಲಿಸಲಿಲ್ಲ. "ಸ್ವಲ್ಪ ಎಂದರೆ ಅರವತ್ತು ಎಂಎಲ್‌ನದ್ದು ಎಷ್ಟು? ವಾರದಲ್ಲಿ ಎಷ್ಟು ದಿನ?" ಎರಡು, ಪ್ರತಿ ದಿನ. ಕೊಡಗಿನ ಮನೆಗಳಲ್ಲಿ ಕುಡಿತವನ್ನು ಬಚ್ಚಿಡುವುದು ಕಡಿಮೆ. ಆದರೆ ಅಳತೆ ಹೇಳುವಾಗ ಮಾತು ಮೆತ್ತಗಾಗುತ್ತದೆ. ಇದು ನಡತೆಯ ಪ್ರಶ್ನೆ ಅಲ್ಲ. ನರದ ತೊಂದರೆಗೆ, ರಕ್ತಕಣ ದೊಡ್ಡದಾಗುವುದಕ್ಕೆ, ಸಕ್ಕರೆ ಕುಸಿಯುವುದಕ್ಕೆ ಮದ್ಯವೂ ಕಾರಣವಾಗಬಲ್ಲದು. ಇಲ್ಲಿ ಅರ್ಧ ಹೇಳಿದರೆ ವೈದ್ಯರ ಲೆಕ್ಕವೇ ತಪ್ಪುತ್ತದೆ. ಬಹಳ ಹೆಚ್ಚು ಕುಡಿಯುವವರು ಒಂದೇ ದಿನಕ್ಕೆ ನಿಲ್ಲಿಸಿದರೂ ಅಪಾಯವಿರುವುದರಿಂದ ನಿಜವಾದ ಅಳತೆ ತಿಳಿಯಲೇಬೇಕು.

ಚೀಲ

ಆಮೇಲೆ ಆಕೆ ಚೀಲವನ್ನು ಮೇಜಿನ ಮೇಲೆ ಸುರಿದು ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ, ದಪ್ಪಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರದ ಔಷಧಿಯ ಹೆಸರನ್ನು ಓದತೊಡಗಿದರು. ಒಟ್ಟು ಹನ್ನೊಂದು ಪಟ್ಟಿಗಳಿದ್ದವು.

ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ ಸಕ್ಕರೆ ಮಾತ್ರೆ ಎರಡು ಬೇರೆ ಬೇರೆ ಹೆಸರಲ್ಲಿತ್ತು. ಒಂದು ಊರಿನ ವೈದ್ಯರು ಬರೆದದ್ದು, ಇನ್ನೊಂದು ಮೈಸೂರಿನಲ್ಲಿ ಬರೆದದ್ದು. ಬಣ್ಣವೂ ಹೆಸರೂ ಬೇರೆಯಾದ್ದರಿಂದ ಬೆಳೆಗಾರರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ಕೂಡ ಎರಡು ಹೆಸರಲ್ಲಿತ್ತು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಔಷಧಿ ಸೇರಿದ ಒಂದು ಮಾತ್ರೆ, ಅಮ್ಲೋಡಿಪಿನ್ ಇನ್ನೊಂದು. ಮಂಡಿಗೆ ಡೈಕ್ಲೊಫಿನಾಕ್, ದಿನಾಲೂ. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ, ಕಬ್ಬಿಣ, ಸುಣ್ಣದ ಮಾತ್ರೆ.

ಒಂದು ಬಳ್ಳಿ ಎಳೆದರೆ ಬೇಲಿಯೇ ಅಲುಗುವ ಹಾಗಿತ್ತು ಮುಂದಿನ ಮಾತು. ಮಂಡಿ ನೋವಿಗೆ ಡೈಕ್ಲೊಫಿನಾಕ್ ಬಂತು. ಅದರಿಂದ ಹೊಟ್ಟೆಯುರಿ, ಅದಕ್ಕೆ ಪ್ಯಾಂಟೊಪ್ರಜೋಲ್. ನೋವಿನ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತದೆ. ಏರಿದ್ದಕ್ಕೆ ಮೂತ್ರದ ಔಷಧಿ ಸೇರಿದ ಮಾತ್ರೆ. ಡೈಕ್ಲೊಫಿನಾಕ್, ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಔಷಧಿ, ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಹೊರೆ. ಮೂತ್ರಪಿಂಡ ಸೋತರೆ ಗ್ಲಿಮೆಪಿರೈಡಿನ ಪರಿಣಾಮ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅದೂ ಎರಡರಷ್ಟು ಪ್ರಮಾಣದಲ್ಲಿ. ಬೆಳಗಿನ ಜಾವ ಸಕ್ಕರೆ ಕುಸಿದು ಬೆವರು. ಆ ಬೆವರನ್ನು ಹೃದಯದ ತೊಂದರೆ ಎಂದು ತಿಳಿದು ಮೈಸೂರಿಗೆ ಹೋದದ್ದು. ಒಬ್ಬೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಒಪ್ಪುವ ಮಾತ್ರೆಯನ್ನೇ ಬರೆದಿದ್ದರು. ಹನ್ನೊಂದನ್ನೂ ಒಟ್ಟಿಗೆ ನೋಡಿದವರು ಮಾತ್ರ ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮುಟ್ಟಿ ನೋಡುವುದು

ಅಂಗಿ, ಕಾಲುಚೀಲ ತೆಗೆಸಿದರು. ಕೆಳ ರೆಪ್ಪೆ ಎಳೆದು ಬಿಳಿಚಿಕೊಂಡಿರುವುದನ್ನು ನೋಡಿದರು. ನಾಲಗೆ ಕೆಂಪಾಗಿ, ಮೇಲಿನ ಒರಟು ಪದರವೇ ಇಲ್ಲದೆ ನುಣ್ಣಗಾಗಿತ್ತು. ಮಲಗಿಸಿ ರಕ್ತದೊತ್ತಡ ನೋಡಿದಾಗ 142/84. ಎದ್ದು ಮೂರು ನಿಮಿಷ ನಿಂತ ಮೇಲೆ 116/70. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಗಮನಿಸಬೇಕಾದ ವಿಷಯ. ಕುಳಿತೇ ನೋಡಿದವರಿಗೆ ಇದು ಸಿಗುವುದಿಲ್ಲ. ಹೊಟ್ಟೆ ಒತ್ತಿ ಯಕೃತ್ತು, ಗುಲ್ಮ ನೋಡಿದರು. ಕಂಕುಳು, ಕುತ್ತಿಗೆಯಲ್ಲಿ ಗಂಟುಗಳಿಗಾಗಿ ಹುಡುಕಿದರು. ತೂಕ ಇಳಿದವರಲ್ಲಿ ಇದನ್ನು ಬಿಡುವಂತಿಲ್ಲ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಪಾದದ ಪರೀಕ್ಷೆ. 128 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್, ಮಿಡಿದರೆ ಕಂಪಿಸುವ ಲೋಹದ ಕವೆ) ಮಿಡಿದು ಹೆಬ್ಬೆರಳಿನ ಮೂಳೆಗೆ ಒತ್ತಿದರು. "ಕಂಪನ ಗೊತ್ತಾಗುತ್ತಿದೆಯೇ?" ಇಲ್ಲ. ಹರಡಿನ ಮೂಳೆಯ ಮೇಲೂ ಇಲ್ಲ. ಮಂಡಿಯ ಮೇಲಿಟ್ಟಾಗ ಮಾತ್ರ ಹೌದು ಎಂದರು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದಾಗ ಯಾವ ಕಡೆ ಎಂದು ಹೇಳಲಾಗಲಿಲ್ಲ. ಕೊನೆಗೆ ಪಾದ ಜೋಡಿಸಿ ನಿಲ್ಲಿಸಿ, ಪಕ್ಕದಲ್ಲಿ ತಾವೇ ಕೈಚಾಚಿ ನಿಂತು, ಕಣ್ಣು ಮುಚ್ಚಲು ಹೇಳಿದರು. ಬೆಳೆಗಾರರು ಕೂಡಲೇ ವಾಲಿದರು.

ಏಣಿಯಿಂದ ಬಿದ್ದದ್ದು ಯಾಕೆಂದು ನನಗೂ ಆಗ ಸ್ಪಷ್ಟವಾಯಿತು. ಕಾಲು ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಭಾಗದಿಂದ ಮೆದುಳಿಗೆ ಹೋಗಬೇಕು. ಆ ದಾರಿ ಹಾಳಾಗಿದ್ದರಿಂದ ಇಷ್ಟು ದಿನ ಅವರು ಕಣ್ಣಿನ ಬಲದಲ್ಲೇ ನಿಲ್ಲುತ್ತಿದ್ದರು. ಸಂಜೆ ಮಬ್ಬಾದಾಗ, ಮುಖಕ್ಕೆ ಸೋಪು ಹಚ್ಚಿದಾಗ ಆ ಆಸರೆಯೂ ಇಲ್ಲ. ಇದನ್ನು ತಿಳಿಸಿಕೊಟ್ಟದ್ದು ಒಂದು ಶ್ರುತಿಕವೆ ಮತ್ತು ಹತ್ತು ನಿಮಿಷದ ತಾಳ್ಮೆ.

ಪರೀಕ್ಷೆಗಳು

ಎಂಆರ್‌ಐ ಬರೆಯಲಿಲ್ಲ. ರಕ್ತಕಣಗಳ ಪೂರ್ಣ ಎಣಿಕೆ, ಸೂಕ್ಷ್ಮದರ್ಶಕದಲ್ಲಿ ರಕ್ತಲೇಪದ ಪರೀಕ್ಷೆ, ಬಿ12 ಜೀವಸತ್ವ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಎಚ್‌ಬಿಎ1ಸಿ, ಥೈರಾಯ್ಡ್, ಯಕೃತ್ತಿನ ಪರೀಕ್ಷೆ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು. ಪ್ರತಿಯೊಂದನ್ನು ಬರೆಯುವಾಗಲೂ ಯಾಕೆಂದು ಒಂದು ವಾಕ್ಯದಲ್ಲಿ ಹೇಳಿದರು. ಹೇಳದಿದ್ದರೆ ನಾವೇ ಕೇಳಬಹುದು. ಅದರಲ್ಲಿ ಅಗೌರವವೇನೂ ಇಲ್ಲ.

ಹಿಮೋಗ್ಲೋಬಿನ್ 8.9 ಇತ್ತು. ಕೆಂಪು ಕಣದ ಸರಾಸರಿ ಗಾತ್ರ 116. ಸಾಮಾನ್ಯವಾಗಿ ಅದು 100ರೊಳಗೆ ಇರಬೇಕು. ಕಬ್ಬಿಣದ ಕೊರತೆಯಲ್ಲಿ ಕಣ ಸಣ್ಣದಾಗುತ್ತದೆ, ಇಲ್ಲಿ ದೊಡ್ಡದಾಗಿತ್ತು. ಫೆರಿಟಿನ್ ಸರಿಯಾಗಿಯೇ ಇತ್ತು. ಅಂದರೆ ತಿಂಗಳುಗಟ್ಟಲೆ ನುಂಗಿದ ಕಬ್ಬಿಣದಿಂದ ಉಪಯೋಗವಾಗುವ ಸಾಧ್ಯತೆಯೇ ಇರಲಿಲ್ಲ. ಬಿ12 ಪ್ರಮಾಣ 112. 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ರಕ್ತಹೀನತೆಯ ಆಯಾಸ ಏದುಸಿರು, ನಾಲಗೆಯ ಉರಿ, ಪಾದದ ಜೋಮು ಎಲ್ಲಕ್ಕೂ ಕೊಂಡಿ ಇಲ್ಲಿತ್ತು. ಕ್ರಿಯಾಟಿನಿನ್ 1.7, ಈ ವಯಸ್ಸಿಗೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ 45ರ ಹತ್ತಿರ. ಎಚ್‌ಬಿಎ1ಸಿ 6.2. "ಇಷ್ಟು ಚೆನ್ನಾಗಿದೆಯಲ್ಲ" ಎಂದು ಅವರ ಪತ್ನಿ ಸಂತೋಷಪಟ್ಟರು. ಬಿ12 ಕೊರತೆಯ ರಕ್ತಹೀನತೆಯಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿಯೇ ಕಾಣಬಹುದು, ನಿಜವಾದ ಸಕ್ಕರೆ ಇನ್ನೂ ಕೆಳಗಿರಬೇಕು ಎಂದು ವೈದ್ಯೆ ವಿವರಿಸಿದರು. ಮನೆಯಲ್ಲಿ ಬೆಳಗಿನ ಜಾವ ಬೆರಳು ಚುಚ್ಚಿ ನೋಡಿದಾಗ 58 ಬಂತು.

ಬಿ12 ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ಬರುತ್ತದೆ. ಮಾಂಸಾಹಾರದ ಮನೆಯವರೆಂದು ಇವರಲ್ಲಿ ಅದರ ಕೊರತೆಯನ್ನು ಯಾರೂ ಶಂಕಿಸಿರಲಿಲ್ಲ. ತಿಂದದ್ದು ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು. ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಅದನ್ನು ಹೀರಬೇಕು. ಮೆಟ್‌ಫಾರ್ಮಿನ್ ಅಲ್ಲಿ ಅಡ್ಡಿಯಾಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ದೀರ್ಘಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಮೇಲೆ ಕಣ್ಣಿಡಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚನೆ ಕೊಟ್ಟಿದೆ. ಹಾಗೆಂದು ಯಾರೂ ಇದನ್ನು ಓದಿ ಮೆಟ್‌ಫಾರ್ಮಿನ್ ನಿಲ್ಲಿಸಬಾರದು. ಬಹಳ ಒಳ್ಳೆಯ ಔಷಧಿ ಅದು. ಬೇಕಾದದ್ದು ಆಗಾಗ ಒಂದು ರಕ್ತಪರೀಕ್ಷೆ.

ಚೀಟಿ ಚಿಕ್ಕದಾಯಿತು

ಹನ್ನೊಂದು ಪಟ್ಟಿಗಳಲ್ಲಿ ಉಳಿದದ್ದು ಮೂರು ಔಷಧಿ: ಕಡಿಮೆ ಪ್ರಮಾಣದ ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಕೊಲೆಸ್ಟರಾಲ್ ಮಾತ್ರೆ. ಗ್ಲಿಮೆಪಿರೈಡ್ ಅಂದೇ ನಿಂತಿತು. ಡೈಕ್ಲೊಫಿನಾಕ್ ಬದಲು ಬೇಕಾದಾಗ ಪ್ಯಾರಸಿಟಮಾಲ್ ಮತ್ತು ತೊಡೆಯ ಸ್ನಾಯುಗಳಿಗೆ ವ್ಯಾಯಾಮ. ಟೆಲ್ಮಿಸಾರ್ಟನ್ ಮಾತ್ರೆ ಮೂತ್ರಪಿಂಡ ಚೇತರಿಸುವವರೆಗೆ ಬೇಡ. ಪ್ಯಾಂಟೊಪ್ರಜೋಲನ್ನು ಒಮ್ಮೆಗೇ ಬಿಟ್ಟರೆ ಹೊಟ್ಟೆಯುರಿ ಮರುಕಳಿಸಬಹುದೆಂದು ಎರಡನ್ನು ಒಂದಾಗಿಸಿ, ನಾಲ್ಕು ವಾರಗಳಲ್ಲಿ ಇಳಿಸಿ ನಿಲ್ಲಿಸುವ ಕ್ರಮ ಬರೆದರು. ಹೃದಯದ ಕಾಯಿಲೆ ಇಲ್ಲವೆಂದು ಖಚಿತವಾಗಿದ್ದರಿಂದ ಆಸ್ಪಿರಿನ್‌ನಿಂದ ಲಾಭಕ್ಕಿಂತ ರಕ್ತಸ್ರಾವದ ಭಯವೇ ಹೆಚ್ಚು ಎಂದರು. ಮದ್ಯ ಸಂಪೂರ್ಣ ಬಿಡಬೇಕು. ಬಿಡುವಾಗ ಕೈ ನಡುಕ, ಗಾಬರಿ ಕಾಣಿಸಿದರೆ ಫೋನ್ ಮಾಡಬೇಕು.

ಹೊಸದಾಗಿ ಸೇರಿದ್ದು ಬಿ12 ಚುಚ್ಚುಮದ್ದು ಒಂದೇ. ಇವರಿಗೆ 1000 ಮೈಕ್ರೋಗ್ರಾಂ, ಎರಡು ವಾರ ದಿನ ಬಿಟ್ಟು ದಿನ, ಒಂದು ತಿಂಗಳು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ. ರಕ್ತಹೀನತೆ ಎಂದು ತಿಳಿದು ಅಂಗಡಿಯಿಂದ ಫೋಲಿಕ್ ಆಸಿಡ್ ಮಾತ್ರ ತಂದು ನುಂಗಬೇಡಿ ಎಂದು ಒತ್ತಿ ಹೇಳಿದರು. ಬಿ12 ಕೊರತೆ ಇರುವಾಗ ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ.

"ಇಷ್ಟು ದೂರ ಬಂದು ಮಾತ್ರೆ ಕಡಿಮೆ ಮಾಡಿಸಿಕೊಂಡು ಹೋಗುವುದೇ?" ಎಂದರು ಬೆಳೆಗಾರರು. ಬೇಸರ ಸುಳ್ಳಲ್ಲ, ದೊಡ್ಡ ಚೀಟಿ ದೊಡ್ಡ ಚಿಕಿತ್ಸೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ವೈದ್ಯೆ ತಾಳ್ಮೆಯಿಂದ ದಿನಗಳ ಲೆಕ್ಕ ಕೊಟ್ಟರು. ಬೆವರುವುದು ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಒಂದು ವಾರದಲ್ಲಿ ಹೊಸ ರಕ್ತಕಣಗಳು ಹುಟ್ಟುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಸರಿಹೋಗಬೇಕು. ನರಗಳಿಗೆ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು; ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು. ಸಕ್ಕರೆ ಕಾಯಿಲೆಯ ಪಾಲೂ ಅದರಲ್ಲಿದೆ. ತೂಕ ಮೂರು ತಿಂಗಳಲ್ಲಿ ಏರದಿದ್ದರೆ ಎಂಡೋಸ್ಕೋಪಿ (ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಮಾಡಿಸಲೇಬೇಕು. ಕಣ್ಣಿನ ಅಕ್ಷಿಪಟಲದ ತಪಾಸಣೆಗೆ ಕಣ್ಣಿನ ವೈದ್ಯರಿಗೆ ಚೀಟಿ ಬರೆದರು. ಏಣಿ ಹತ್ತುವುದು ಬೇಡ, ಸಂಜೆ ಟಾರ್ಚ್ ಇಲ್ಲದೆ ತೋಟಕ್ಕೆ ಹೋಗುವುದು ಬೇಡ, ಬರಿಗಾಲು ಬೇಡವೇ ಬೇಡ. ಜಿಗಣೆ ಕಚ್ಚಿದರೂ ಮುಳ್ಳು ಹೊಕ್ಕರೂ ಈ ಪಾದಕ್ಕೆ ತಿಳಿಯುವುದಿಲ್ಲ.

ಎರಡು ವಾರದ ನಂತರದ ಭೇಟಿ ಹತ್ತೇ ನಿಮಿಷದ್ದು, ಆದರೆ ಮೊದಲನೆಯದರಷ್ಟೇ ಮುಖ್ಯ. ಬೆವರು ನಿಂತಿತ್ತು, ಕ್ರಿಯಾಟಿನಿನ್ 1.4ಕ್ಕೆ ಇಳಿದಿತ್ತು. ಇಲ್ಲಿ ತಪ್ಪಿಸಿಕೊಳ್ಳುವವರೇ ಹೆಚ್ಚು; ಸ್ವಲ್ಪ ಹಗುರವಾದ ಕೂಡಲೇ ಬಿಡುತ್ತಾರೆ. ಮಾತ್ರೆ ಕಡಿಮೆ ಮಾಡಿದ ವೈದ್ಯರಿಗೆ ಅದು ಸರಿಯಾಯಿತೇ ಎಂದು ನೋಡುವ ಅವಕಾಶವನ್ನಾದರೂ ನಾವು ಕೊಡಬೇಕು. ಮೂರನೆಯ ಭೇಟಿ ಜೂನಿನ ಮಳೆಯಲ್ಲಿ. ಹಿಮೋಗ್ಲೋಬಿನ್ 12.8, ಕ್ರಿಯಾಟಿನಿನ್ 1.2, ತೂಕ ಮೂರು ಕಿಲೋ ಏರಿಕೆ. ಎಂಡೋಸ್ಕೋಪಿಯ ಮಾತನ್ನು ವೈದ್ಯೆ ಸದ್ಯಕ್ಕೆ ಬದಿಗಿಟ್ಟರು. ಮೂತ್ರದಲ್ಲಿ ಆಲ್ಬುಮಿನ್ ಸ್ವಲ್ಪ ಇದ್ದುದರಿಂದ ಟೆಲ್ಮಿಸಾರ್ಟನ್ ಒಂದನ್ನೇ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) ಮೊದಲಿಗಿಂತ ತುಸು ಹೆಚ್ಚು, 7ರ ಹತ್ತಿರ. ಈ ವಯಸ್ಸಿಗೆ ಅದು ಸಾಕು ಎಂದರು.

ಸೆಪ್ಟೆಂಬರ್‌ನಲ್ಲಿ ಮತ್ತೆ ಶ್ರುತಿಕವೆ ಇಟ್ಟಾಗ ಹರಡಿನ ಮೂಳೆಯಲ್ಲಿ ಕಂಪನ ತಿಳಿಯಿತು, ಹೆಬ್ಬೆರಳಿನಲ್ಲಿ ಇನ್ನೂ ಇಲ್ಲ. ಕಣ್ಣು ಮುಚ್ಚಿ ನಿಂತರೆ ತುಸು ತೂಗುತ್ತಾರೆ, ವಾಲುವುದಿಲ್ಲ. ನಾಲಗೆಯ ಉರಿ ಹೋಗಿ ಊಟ ಮೊದಲಿನಂತಾಗಿದೆ. ಮದ್ಯವನ್ನು ಒಮ್ಮೆ ಬಿಟ್ಟು, ನಡುವೆ ಹಬ್ಬದಲ್ಲಿ ಕುಡಿದು, ಪುನಃ ಬಿಟ್ಟಿದ್ದಾರೆ. ಅದನ್ನೂ ವೈದ್ಯೆಗೆ ತಾವೇ ಹೇಳಿದರು. ತಿಂಗಳ ಚುಚ್ಚುಮದ್ದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳುತ್ತಾರೆ. ಈ ಸಲ ಮೆಣಸು ಕೊಯ್ಲನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಮುಂದಿನ ರಕ್ತಪರೀಕ್ಷೆ ಜನವರಿಯಲ್ಲಿದೆ. ಆ ದಿನ ಯಾರು ಕರೆದುಕೊಂಡು ಹೋಗುವುದೆಂದು ಮಗನೂ ಸೊಸೆಯೂ ಈಗಲೇ ಮಾತಾಡಿಕೊಂಡಿದ್ದಾರೆ, ಕೊಯ್ಲಿನ ನಡುವೆ ತಪ್ಪಿಹೋಗಬಾರದೆಂದು.